ಚರಗ ಯಾರಿಗೆ?

ಐದಾರು ವರ್ಷಗಳ ಹಿಂದಿನ ಮಾತು. ದೀಪಾವಳಿಗೆ ಊರಿಗೆ ಹೋದಾಗ ನಮ್ಮ ದಾಳಿಂಬೆ ತೋಟ ಹೂ ಬಿಟ್ಟಿತ್ತು. ಕುಷ್ಟಗಿ ತಾಲೂಕಿನ ಕೆಂಪು ಮಸಾರಿ ಹೊಲ, ಮೂರು ಎಕರೆ. ನೋಡಿಕೊಳ್ಳುವವನು ನನ್ನ ತಮ್ಮ. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ವರ್ಷಕ್ಕೆ ಮೂರೋ ನಾಲ್ಕೋ ಸಲ ಹೋಗಿ, ಬದುವಿನ ಮೇಲೆ ನಿಂತು ಸಲಹೆ ಕೊಟ್ಟು, ಚೀಲದ ತುಂಬ ಹಣ್ಣು ತರುವ ಪಾಲುದಾರ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಹೂವಿನ ಕಾಲದಲ್ಲಿ ಮಳೆ ಬಂದರೆ ದಾಳಿಂಬೆ ಬೆಳೆದವರ ಎದೆ ಧಸಕ್ಕೆನ್ನುತ್ತದೆ. ಮಳೆಯ ಹಿಂದೆ ದುಂಡಾಣು ಅಂಗಮಾರಿ ಬರುತ್ತದೆ. ಎಲೆಯ ಮೇಲೆ ಮೊದಲು ನೀರಲ್ಲಿ ನೆನೆದಂಥ ಸಣ್ಣ ಚುಕ್ಕೆ, ಆಮೇಲೆ ಅದು ಕಪ್ಪಾಗುತ್ತದೆ. ಕಾಯಿಗೆ ತಗುಲಿದರೆ ಕಪ್ಪು ಕಲೆಯ ನಡುವೆ ಸಿಪ್ಪೆ ಬಿರಿಯುತ್ತದೆ. ಬಿರಿದ ಕಾಯಿಯನ್ನು ವ್ಯಾಪಾರಿ ಮುಟ್ಟಿಯೂ ನೋಡುವುದಿಲ್ಲ. ಅದಕ್ಕಿಂತ ಮೂರು ವರ್ಷ ಮುಂಚೆ ಮುಂಗಾರಿನ ಫಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿ ಹೀಗೇ ಹೋಗಿ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಹಾಗಾಗಿ ತಮ್ಮ ಬೆಳಕು ಹರಿಯುವ ಮೊದಲೇ ಡ್ರಮ್ಮಿಗೆ ನೀರು ಬಿಟ್ಟು ಔಷಧಿ ಕಲೆಸಲು ನಿಂತಿದ್ದ.

ಅವನ ಮಗಳು ಆಗ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಳು. ರಜೆಗೆ ಬರುವಾಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಪೆಟ್ರಿ ತಟ್ಟೆ ತಂದಿದ್ದಳು. ಒಳಗೆ ತೆಳ್ಳಗೆ ಹೆಪ್ಪುಗಟ್ಟಿದ ಅಗರ್. ಒಂದು ಎಲೆ ಕಿತ್ತು, ಅದನ್ನು ಮೆಲ್ಲಗೆ ಅಗರ್ ಮೇಲೆ ಒತ್ತಿ, ಎಲೆ ತೆಗೆದು ಮುಚ್ಚಳ ಹಾಕಿದಳು. ನನಗೆ ತಟ್ಟೆಯಲ್ಲಿ ಏನೂ ಕಾಣಲಿಲ್ಲ.

"ಒಂದು ತಟ್ಟಿ ಹೊಡಿಯೂಕಿಂತ ಮುಂಚೆ, ಇನ್ನೊಂದು ಹೊಡದ ಮ್ಯಾಲೆ. ಒಂದು ವಾರ ಬಿಟ್ಟು ಹೇಳ್ತೀನಿ ದೊಡ್ಡಪ್ಪ, ಏನ್ ಬಂತು ಅಂತ," ಎಂದಳು.

ಡ್ರಮ್ಮಿನ ಪಕ್ಕ ಪುಟ್ಟ ಪುಟ್ಟ ಖಾಲಿ ಪೊಟ್ಟಣಗಳು ಬಿದ್ದಿದ್ದವು. ಒಂದನ್ನು ಎತ್ತಿ ಓದಿದೆ. ಸ್ಟ್ರೆಪ್ಟೊಮೈಸಿನ್, ಜೊತೆಗೆ ಸ್ವಲ್ಪ ಟೆಟ್ರಾಸೈಕ್ಲಿನ್. ಆ ಮೊದಲ ಹೆಸರನ್ನು ನಾನು ಐದನೇ ತರಗತಿಯಲ್ಲಿದ್ದಾಗಲೇ ಓದಲು ಕಲಿತಿದ್ದೆ. ಅವ್ವನಿಗೆ ಕ್ಷಯವಾಗಿತ್ತು. ಮೊದಲ ಎರಡು ತಿಂಗಳು ದಿನಾ ಬಸ್ಸಿನಲ್ಲಿ ತಾಲೂಕು ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಜೊತೆಗೆ ಹೋಗುತ್ತಿದ್ದವನು ನಾನು. ಗಾಜಿನ ಪುಟ್ಟ ಶೀಶೆಯ ಮೇಲೆ ಆ ಹೆಸರಿತ್ತು. ಸೂಜಿ ಮುಗಿದ ಮೇಲೂ ಬಹಳ ದಿನ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತದೆ ಎನ್ನುತ್ತಿದ್ದಳು. ಆದರೂ ಬದುಕಿದಳು. ಅದಾದ ಮೇಲೆ ಮೂವತ್ತು ವರ್ಷ ಬದುಕಿ, ಇದೇ ತೋಟದ ಸಸಿಗಳನ್ನು ಕೈಯಾರೆ ನೆಟ್ಟಳು. ಅವ್ವನನ್ನು ಉಳಿಸಿದ ಔಷಧಿಯನ್ನು ತಮ್ಮ ಈಗ ಇನ್ನೂರು ಲೀಟರ್ ನೀರಿಗೆ ಕಲೆಸಿ ಎಲೆ, ಹೂ, ನೆಲ ಎಲ್ಲದರ ಮೇಲೂ ಸಿಂಪಡಿಸುತ್ತಿದ್ದ.

ಒಂದು ವಾರದ ಮೇಲೆ ಹುಡುಗಿ ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದಳು. ಮೊದಲ ತಟ್ಟೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಬೆಳೆದು, ಎಲೆಯ ಅಂಚು, ನಡುನರ ಎಲ್ಲ ರಂಗೋಲಿಯ ಹಾಗೆ ಮೂಡಿತ್ತು. ಎಲೆ ಇರಲಿಲ್ಲ, ಎಲೆಯ ಮೇಲೆ ವಾಸವಿದ್ದವರ ಗುರುತಿತ್ತು. ಎರಡನೆಯ ತಟ್ಟೆ ಬಹುಪಾಲು ಖಾಲಿ. ಅಲ್ಲೊಂದು ಇಲ್ಲೊಂದು ಚುಕ್ಕೆ.

ನಾನು ಫೋನ್ ಮಾಡಿ, "ಇವು ಒಳ್ಳೇವೋ ಕೆಟ್ಟವೋ?" ಎಂದು ಕೇಳಿದೆ.

"ಒಂದು ತಟ್ಟಿ ನೋಡಿ ಏನೂ ಹೇಳಾಕ ಬರಂಗಿಲ್ಲ ದೊಡ್ಡಪ್ಪ. ಇವು ಅಲ್ಲಿ ಇರ್ತಾವ, ಅಷ್ಟ," ಎಂದಳು.

ಆ "ಇರ್ತಾವ, ಅಷ್ಟ" ಎನ್ನುವ ಮಾತು ನನ್ನನ್ನು ಬಿಡಲಿಲ್ಲ. ಬರೀ ಇರುವುದರಿಂದಲೇ ಯಾರಾದರೂ ನಮಗೆ ಉಪಕಾರ ಮಾಡಬಹುದೇ? ಮಾಡಿದರೆ, ಉಪಕಾರ ಮಾಡಬೇಕೆಂಬ ಮನಸ್ಸೇ ಇಲ್ಲದ ಅವರ ಋಣ ನಮ್ಮ ಮೇಲಿರುತ್ತದೆಯೇ?

ಮೊದಲು ಅವು ಹೇಗೆ ಇರುತ್ತವೆ ಎನ್ನುವುದನ್ನು ತಿಳಿದುಕೊಳ್ಳಬೇಕಾಯಿತು. ಎಲೆ ಎಂದರೆ ನಮಗೆ ನೆರಳು, ತಂಪು. ಬ್ಯಾಕ್ಟೀರಿಯಾಗಳಿಗೆ ಅದು ಏಪ್ರಿಲ್ ತಿಂಗಳ ಬಳ್ಳಾರಿ ಇದ್ದ ಹಾಗೆ. ಮಧ್ಯಾಹ್ನದ ನೇರಳಾತೀತ ಕಿರಣ ಕೊಲ್ಲುತ್ತದೆ. ಗಾಳಿ ಒಣಗಿಸುತ್ತದೆ. ಎಲೆಯ ಮೇಲ್ಮೈ ಮೇಣದ್ದು, ನೀರು ನಿಲ್ಲುವುದಿಲ್ಲ. ಎಲೆಯೊಳಗಿನ ಸಕ್ಕರೆ ಹೊರಗೆ ಜಿನುಗುವುದು ಕೆಲವೇ ಕಡೆ, ಅದೂ ಚೂರುಚೂರು. ಗಾಳಿ, ಮಳೆ, ಹುಳುಗಳ ಕಾಲಿನ ಜೊತೆ ಬಂದಿಳಿಯುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಬಂದಲ್ಲೇ ಸಾಯುತ್ತವೆ. ಆದರೂ ಅನುಕೂಲವಿದ್ದ ಎಲೆಯ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ಬ್ಯಾಕ್ಟೀರಿಯಾಗಳು ಇರುತ್ತವೆ.

ಉಳಿಯುವ ಉಪಾಯಗಳು ಸರಳ. ಒಂಟಿಯಾಗಿದ್ದವು ಬೇಗ ಒಣಗಿ ಸಾಯುತ್ತವೆ. ಗುಂಪು ಕಟ್ಟಿ ಲೋಳೆಯಲ್ಲಿ ಮುಚ್ಚಿಕೊಂಡವು ತಾಳಿಕೊಳ್ಳುತ್ತವೆ. ನರಗಳ ಪಕ್ಕದ ತಗ್ಗು, ರೋಮದ ಬುಡ, ಪತ್ರರಂಧ್ರದ ಅಂಚು ಇವೇ ಅವುಗಳ ಕೇರಿಗಳು. ನಮ್ಮ ಕಣ್ಣಿಗೆ ಪೂರ್ತಿ ಒಣಗಿದಂತೆ ಕಾಣುವ ಎಲೆಯ ಮೇಲೂ ಇಂಥ ಗುಂಪುಗಳ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ನೀರಹನಿಗಳು ಉಳಿದಿರುತ್ತವೆ. ಕೆಲವಕ್ಕೆ ಬಣ್ಣವೇ ಕೊಡೆ. ತಟ್ಟೆಯಲ್ಲಿ ಕಂಡ ಗುಲಾಬಿಯವುಗಳ ಹೆಸರು ಮಿಥೈಲೊಬ್ಯಾಕ್ಟೀರಿಯಂ. ಎಳೆ ಎಲೆ ಬೆಳೆಯುವಾಗ ಅದರ ಕೋಶಗೋಡೆಯಿಂದ ಮೆಥನಾಲ್ ಹೊರಬೀಳುತ್ತದೆ. ಗಿಡಕ್ಕೆ ಬೇಡವಾಗಿ ಉಸಿರಿನ ಜೊತೆ ಹೋಗುವ ಆ ಮೆಥನಾಲನ್ನೇ ತಿಂದು ಇವು ಬದುಕುತ್ತವೆ. ಕೆಲವು ತಳಿಗಳು ಗಿಡದ ಬೆಳವಣಿಗೆಗೆ ನೆರವಾಗುವ ಹಾರ್ಮೋನನ್ನೂ ತಯಾರಿಸುತ್ತವೆ. ಗಿಡಕ್ಕೆಂದು ಮಾಡುವುದಲ್ಲ. ತಿಂದು ಬದುಕುವಾಗ ಆಗುವುದು.

ಹೂವಿನ ಕತೆ ಬೇರೆ. ಹೂವು ಅರಳುವ ಗಳಿಗೆಯಲ್ಲಿ ಹೆಚ್ಚುಕಡಿಮೆ ಖಾಲಿ ಮನೆ. ಶಲಾಕಾಗ್ರ, ಅಂದರೆ ಪರಾಗ ಬಂದು ಅಂಟುವ ತುದಿ, ತೇವವಾಗಿದ್ದು ಊಟ ತುಂಬಿರುತ್ತದೆ. ಬಾಗಿಲು ತೆರೆದಿರುವುದು ಕೆಲವೇ ದಿನ. ಈ ಮನೆಗೆ ಯಾರು ಮೊದಲು ಬರುತ್ತಾರೆ ಎನ್ನುವುದರ ಮೇಲೆ ಮರದ ಹಣೆಬರಹ ನಿಲ್ಲಬಹುದು ಎನ್ನುವುದನ್ನು ಬಹಳ ಹತ್ತಿರದಿಂದ ನೋಡಿದವರು ಸೇಬು ಮತ್ತು ಪಿಯರ್ ಬೆಳೆಗಳ ವಿಜ್ಞಾನಿಗಳು.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಅಮೆರಿಕದ ಹಡ್ಸನ್ ನದಿ ಕಣಿವೆಯ ತೋಟಗಳಲ್ಲಿ ಒಂದು ರೋಗ ಕಾಣಿಸಿತು. ಹೂವು, ಚಿಗುರು ಕಪ್ಪಾಗಿ, ರೆಂಬೆ ಬೆಂಕಿ ತಗುಲಿದಂತೆ ಸುಟ್ಟು ನಿಲ್ಲುತ್ತಿತ್ತು. ಅದಕ್ಕೇ ಅದರ ಹೆಸರು ಫೈರ್ ಬ್ಲೈಟ್. 1880ರ ಹೊತ್ತಿಗೆ ಇಲಿನಾಯ್‌ನ ಥಾಮಸ್ ಬರಿಲ್ ಇದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. ಗಿಡಕ್ಕೂ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಎಂದು ಮೊದಲು ಗೊತ್ತಾದದ್ದು ಹೀಗೆ. ಈ ಬ್ಯಾಕ್ಟೀರಿಯಾದ ಹೆಸರು ಎರ್ವಿನಿಯಾ ಅಮೈಲೊವೋರಾ. ಇದು ಜೇನುನೊಣದ ಕಾಲಿಗೆ ಅಂಟಿ ಹೂವಿನಿಂದ ಹೂವಿಗೆ ಹೋಗುತ್ತದೆ, ಶಲಾಕಾಗ್ರದ ಮೇಲೆ ಕುಳಿತು ಲಕ್ಷಗಟ್ಟಲೆ ಹೆಚ್ಚುತ್ತದೆ, ಮಳೆಯೋ ಇಬ್ಬನಿಯೋ ಬಂದಾಗ ಕೆಳಗೆ ಹರಿದು ಮಕರಂದದ ಬಟ್ಟಲಿನ ಮೂಲಕ ಮರದ ಒಳಗೆ ಇಳಿಯುತ್ತದೆ.

ಆದರೆ ಅದೇ ಶಲಾಕಾಗ್ರದ ಮೇಲೆ ಬೇರೆಯವೂ ಬದುಕುತ್ತವೆ. ಪ್ಯಾಂಟೋಯಿಯಾ ಅಗ್ಲೋಮೆರನ್ಸ್ ಎನ್ನುವುದು ಒಂದು. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಇನ್ನೊಂದು. ಅದರ ಎ506 ಎಂಬ ತಳಿ ಕ್ಯಾಲಿಫೋರ್ನಿಯಾದ ಪಿಯರ್ ಮರದ ಮೇಲೆ ಸಿಕ್ಕಿದ್ದು. ಇವು ಮೊದಲೇ ಬಂದು ನೆಲೆಸಿದ್ದರೆ ರೋಗಾಣುವಿಗೆ ಜಾಗವೂ ಸಿಗುವುದಿಲ್ಲ, ಊಟವೂ ಸಿಗುವುದಿಲ್ಲ. ಪ್ಯಾಂಟೋಯಿಯಾದ ಕೆಲವು ತಳಿಗಳು ಎದುರಾಳಿಗೆ ವಿಷವನ್ನೂ ಉಗುಳುತ್ತವೆ. ಎ506 ಹೂವಿನ ಮೇಲೆ ಮುಖ್ಯವಾಗಿ ಮಾಡುವುದು ಮೊದಲು ಬಂದು ಉಂಡು ಕೂತಿರುವುದು, ಅಷ್ಟೇ. ರೋಗಾಣು ಬಂದು ಬೇರೂರಿದ ಮೇಲೆ ಇದನ್ನು ಸಿಂಪಡಿಸಿದರೆ ಹೆಚ್ಚು ಉಪಯೋಗವಿಲ್ಲ. ಇದನ್ನು ಅರಿತವರು ಹೂವು ಅರಳುವ ಹೊತ್ತಿಗೇ ಈ ಬ್ಯಾಕ್ಟೀರಿಯಾಗಳನ್ನು ಸಿಂಪಡಿಸಲು ಶುರುಮಾಡಿದರು. ಜೇನುಗೂಡಿನ ಬಾಗಿಲಲ್ಲಿ ಇವುಗಳ ಪುಡಿ ಇಟ್ಟು, ಹೊರಡುವ ನೊಣಗಳ ಕಾಲಿಗೆ ಅಂಟಿಸಿ ಕಳಿಸುವ ಪ್ರಯೋಗಗಳೂ ನಡೆದವು. ರೋಗ ಹೊತ್ತು ತರುವ ಕಾಲುಗಳೇ ಕಾವಲನ್ನೂ ಹೊತ್ತವು.

ಇಲ್ಲಿ ಒಂದು ತಮಾಷೆ ಇದೆ. ಪ್ಯಾಂಟೋಯಿಯಾಕ್ಕೆ ಮೊದಲಿದ್ದ ಹೆಸರು ಎರ್ವಿನಿಯಾ ಹರ್ಬಿಕೋಲಾ. ಕೊಲ್ಲುವವನೂ ಕಾಯುವವನೂ ಒಂದೇ ಮನೆತನದ ಹೆಸರಿಟ್ಟುಕೊಂಡಿದ್ದರು. 1989ರಲ್ಲಿ ವಿಜ್ಞಾನಿಗಳು ಪಾಲು ಮಾಡಿ ಬೇರೆ ಹೆಸರು ಕೊಟ್ಟರು. ಇನ್ನೂ ಒಂದಿದೆ. ಹೂವನ್ನು ಕಾಯುವ ಇದೇ ಪ್ಯಾಂಟೋಯಿಯಾ ಮುಳ್ಳು ಚುಚ್ಚಿದ ಗಾಯದೊಳಗೆ ಸೇರಿದರೆ ಮನುಷ್ಯನಿಗೆ ಕೀವು ಕಟ್ಟಿಸಬಲ್ಲದು. ದಾಳಿಂಬೆ ಗಿಡದಲ್ಲಿ ಕೆಲಸ ಮಾಡಿದವರಿಗೆ ಮುಳ್ಳಿನ ಬಗ್ಗೆ ಹೇಳಬೇಕಾಗಿಲ್ಲ. ಹಾಗಾಗಿ "ಉಪಕಾರಿ ಬ್ಯಾಕ್ಟೀರಿಯಾ" ಎನ್ನುವಾಗ ನಾವು ಅದರ ಸ್ವಭಾವ ಹೇಳುತ್ತಿಲ್ಲ. ಅದು ಎಲ್ಲಿ ಇದ್ದರೆ ನಮಗೆ ಅನುಕೂಲ ಎನ್ನುವುದನ್ನು ಹೇಳುತ್ತಿದ್ದೇವೆ.

ಸ್ಟ್ರೆಪ್ಟೊಮೈಸಿನ್ ಕೂಡ ಇದೇ ಲೋಕದಿಂದ ಬಂದದ್ದು. ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ವಸ್ತು ಅದು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅದನ್ನು ಬೇರ್ಪಡಿಸಿದವನು ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿ. 1952ರ ನೊಬೆಲ್ ಸಿಕ್ಕಿದ್ದು ಅವನ ಗುರು ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ. ಅದಕ್ಕೂ ಮುಂಚೆ ಶಾಟ್ಜ್ ಕೋರ್ಟಿಗೆ ಹೋಗಿ ತಾನೂ ಸಹ ಸಂಶೋಧಕ ಎನ್ನಿಸಿಕೊಳ್ಳಬೇಕಾಯಿತು. ಮಾತು ಬರುವ ಮನುಷ್ಯನ ಋಣ ಒಪ್ಪಿಕೊಳ್ಳಲೇ ಕೋರ್ಟು ಬೇಕಾದ ಮೇಲೆ, ಆ ಮಣ್ಣಿನ ಬ್ಯಾಕ್ಟೀರಿಯಾದ ಹೆಸರನ್ನು ಯಾರು ಎತ್ತುತ್ತಾರೆ? ಅವ್ವನ ಸೂಜಿಯ ಹಿಂದೆ ಒಬ್ಬ ವೈದ್ಯ, ಒಬ್ಬ ನರ್ಸಮ್ಮ, ಒಬ್ಬ ವಿದ್ಯಾರ್ಥಿ ಮಾತ್ರ ಇರಲಿಲ್ಲ. ಕಣ್ಣಿಗೆ ಕಾಣದ ಒಂದು ಜೀವ ತನ್ನ ಪಾಡಿಗೆ ತಾನು ಮಣ್ಣಿನಲ್ಲಿ ಬದುಕಿತ್ತು.

ಸೇಬಿನ ತೋಟಗಳಿಗೆ ಸ್ಟ್ರೆಪ್ಟೊಮೈಸಿನ್ ಬಂದದ್ದು 1950ರ ದಶಕದಲ್ಲಿ. ಮೊದಮೊದಲು ಪವಾಡದಂತೆ ಕೆಲಸ ಮಾಡಿತು. 1970ರ ದಶಕದ ಆರಂಭದಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಜಗ್ಗದ ರೋಗಾಣು ಕಾಣಿಸಿತು. ಮುಂದೆ ಮಿಷಿಗನ್ ತೋಟಗಳಲ್ಲಿ ಸಿಕ್ಕ ಜಗ್ಗದ ರೋಗಾಣುಗಳಿಗೆ ಆ ಗುಣ ಕೊಟ್ಟ ಜೀನುಗಳು ಅದೇ ಮರದ ಮೇಲಿನ ನಿರಪಾಯಕಾರಿ ನೆರೆಯವರಲ್ಲೂ ಇದ್ದವು. ರೋಗಾಣು ಅವನ್ನು ಪ್ಯಾಂಟೋಯಿಯಾದಂಥ ನೆರೆಯವರಿಂದಲೇ ಪಡೆದಿರಬೇಕು ಎಂದು ಸಂಶೋಧಕರು ಹೇಳುತ್ತಾರೆ. ಅಂದರೆ ನಾವು ಔಷಧಿ ಹೊಡೆದದ್ದು ಶತ್ರುವಿಗೆ. ಪೆಟ್ಟು ತಿಂದದ್ದು ಇಡೀ ಕೇರಿ. ಅದರಲ್ಲಿ ಉಳಿದ ಬಡಪಾಯಿಗಳು ಕಲಿತ ವಿದ್ಯೆ ಕೊನೆಗೆ ಶತ್ರುವಿನ ಕೈ ಸೇರಿತು. ಎರಡನೆಯ ತಟ್ಟೆಯಲ್ಲಿ ಉಳಿದಿದ್ದ ಅಲ್ಲೊಂದು ಇಲ್ಲೊಂದು ಚುಕ್ಕೆಯನ್ನು ನಾನು ಆಮೇಲೆ ಬೇರೆ ಕಣ್ಣಿನಿಂದ ನೋಡಿದೆ.

ಈಗ ಋಣದ ಪ್ರಶ್ನೆ. ರೋಮಿನ ಸೆನೆಕಾ ಉಪಕಾರದ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದಿದ್ದಾನೆ. ಉಪಕಾರವಿರುವುದು ಕೊಟ್ಟ ವಸ್ತುವಿನಲ್ಲಲ್ಲ, ಕೊಡುವವನ ಮನಸ್ಸಿನಲ್ಲಿ ಎನ್ನುವುದು ಅವನ ವಾದದ ತಿರುಳು. ನದಿ ನಮ್ಮ ದೋಣಿಯನ್ನು ಹೊತ್ತೊಯ್ದರೆ ನದಿಗೆ ನಾವು ಋಣಿಗಳಲ್ಲ, ಏಕೆಂದರೆ ನದಿಗೆ ನಮ್ಮನ್ನು ದಾಟಿಸುವ ಇಚ್ಛೆ ಇರಲಿಲ್ಲ. ವಾದ ಬಿಗಿಯಾಗಿದೆ. ತರಗತಿಯಲ್ಲಿ ಹೇಳಿದರೆ ಹುಡುಗರು ತಲೆಯಾಡಿಸುತ್ತಾರೆ. ನಾನೂ ಬಹಳ ವರ್ಷ ತಲೆಯಾಡಿಸಿದವನೇ. ಈಗ ಆ ವಾದದ ಮುಂದೆ ನನಗೆ ಒಬ್ಬ ಮುದುಕ ಕಾಣುತ್ತಾನೆ.

ನಮ್ಮ ಹೊಲದ ಪಕ್ಕದಲ್ಲಿ ಇನ್ನೊಬ್ಬರ ಖಾಲಿ ಹೊಲವಿತ್ತು. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಅಲ್ಲಿ ಕುರಿ ಕಾಯುವ ಅಜ್ಜನೊಬ್ಬ ಹಿಂಡು ನಿಲ್ಲಿಸುತ್ತಿದ್ದ. ಗೊಬ್ಬರಕ್ಕೆಂದು ಆ ಹೊಲದವರು ಅವನಿಗೆ ಜೋಳ ಕೊಡುತ್ತಿದ್ದರು. ನಮಗೂ ಅವನಿಗೂ ಕೊಡುಕೊಳ್ಳುವ ವ್ಯವಹಾರವಿರಲಿಲ್ಲ. ರಾತ್ರಿ ಅವನ ಗುಡಾರದ ಮುಂದೆ ಬೆಂಕಿ ಉರಿಯುತ್ತಿತ್ತು, ಎರಡು ನಾಯಿ ಬೊಗಳುತ್ತಿದ್ದವು. ಕೆಲವು ವರ್ಷಗಳ ಮೇಲೆ ಆ ಹೊಲದವರೂ ಡ್ರಿಪ್ ಹಾಕಿಸಿ ದಾಳಿಂಬೆ ನೆಟ್ಟರು. ಕುರಿಗೆ ಜಾಗವಿಲ್ಲದಾಯಿತು. ಅಜ್ಜ ಬರುವುದು ನಿಂತಿತು. ಆ ಚಳಿಗಾಲದಲ್ಲಿ ನಮ್ಮ ಬೋರ್‌ವೆಲ್ ಕೇಬಲ್ ಎರಡು ಸಲ ಕಳುವಾಯಿತು. ತಾಮ್ರಕ್ಕಾಗಿ ಕತ್ತರಿಸಿಕೊಂಡು ಹೋದರು. ನಾನು ಮತ್ತು ತಮ್ಮ ಪೊಲೀಸು, ಸಿಸಿ ಕ್ಯಾಮೆರಾ ಎಂದೆಲ್ಲ ಮಾತಾಡುತ್ತಿದ್ದಾಗ ಅವ್ವ, "ಕುರಿ ಅಜ್ಜ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ," ಎಂದಳು. ನಮ್ಮಿಬ್ಬರಿಗೂ ಅದು ಹೊಳೆದೇ ಇರಲಿಲ್ಲ. ಅಷ್ಟು ವರ್ಷ ನಮ್ಮ ತೋಟಕ್ಕೆ ಒಬ್ಬ ಕಾವಲುಗಾರನಿದ್ದ. ಅವನಿಗೂ ಅದು ಗೊತ್ತಿರಲಿಲ್ಲ.

ಸೆನೆಕಾನ ಪ್ರಕಾರ ಅಜ್ಜನಿಗೆ ನಾವು ಏನೂ ಕೊಡಬೇಕಾಗಿಲ್ಲ. ಅವನು ಕಾದದ್ದು ತನ್ನ ಕುರಿಗಳನ್ನು. ಕೂಲಿಯ ಲೆಕ್ಕದಲ್ಲಿ ಇದು ಸರಿ. ಆದರೆ ಅವ್ವ ಪ್ರತಿ ವರ್ಷ ಅವನು ಬಂದ ಮೊದಲ ದಿನ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಿಸುತ್ತಿದ್ದಳು. ಕಾವಲಿಗೆಂದಲ್ಲ, ಯಾಕೆ ಎಂದು ಅವಳೂ ಹೇಳಿದವಳಲ್ಲ. ಅವನು ಅಲ್ಲಿ ಇದ್ದಾನೆ ಎನ್ನುವುದನ್ನು ಅವಳು ಗಮನಿಸಿದ್ದಳು. ನಾವು ಗಮನಿಸಿರಲಿಲ್ಲ. ಅವನು ಇಲ್ಲವಾದಾಗ ಏನು ಹೋಯಿತು ಎನ್ನುವುದು ಅವಳಿಗೆ ಮಾತ್ರ ಗೊತ್ತಾಗಿದ್ದು ಅದಕ್ಕೇ.

ಹಾಗಾಗಿ ಸೆನೆಕಾ ಋಣವನ್ನು ಒಂದು ಕಡೆಯಿಂದ ಮಾತ್ರ ನೋಡುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಕೊಡುವವನ ಮನಸ್ಸು ನೋಡಿದರೆ ಕೃತಜ್ಞತೆಯ ಲೆಕ್ಕ ಸಿಗುತ್ತದೆ. ನಮ್ಮ ಮಾತಿನಲ್ಲಿ ಋಣ ಎನ್ನುವ ಪದ ಪಡೆದವನ ಬದುಕಿಗೆ ಅಂಟಿಕೊಂಡಿದೆ. ಅನ್ನದ ಋಣ, ಮಣ್ಣಿನ ಋಣ, ನೀರಿನ ಋಣ ಎನ್ನುತ್ತೇವೆ. ಅನ್ನಕ್ಕಾಗಲಿ ನೀರಿಗಾಗಲಿ ಇಚ್ಛೆ ಇದೆ ಎಂದು ಯಾರೂ ವಾದಿಸುವುದಿಲ್ಲ. ಇವಿಲ್ಲದೆ ನಾನು ಇರುತ್ತಿರಲಿಲ್ಲ ಎನ್ನುವಷ್ಟೇ ಅದರ ಅರ್ಥ. ಧನ್ಯವಾದ ಹೇಳಿದರೆ ಅವಕ್ಕೆ ಕೇಳಿಸುವುದಿಲ್ಲ. ಹಾಗಿದ್ದರೆ ಇಂಥ ಋಣವನ್ನು ತೀರಿಸುವ ಬಗೆ ಯಾವುದು? ಎಲೆಯ ಮೇಲಿನವು ನಮಗೆ ಮಾಡಿದ ಉಪಕಾರ ಜಾಗ ಹಿಡಿದುಕೊಂಡಿದ್ದದ್ದು. ನಾವು ತಿರುಗಿ ಮಾಡಬಹುದಾದದ್ದೂ ಅಷ್ಟೇ ಸಣ್ಣದು: ಅವುಗಳ ಜಾಗವನ್ನು ಸುಮ್ಮನೆ ಖಾಲಿ ಮಾಡಿಸದಿರುವುದು.

ಇದಕ್ಕೆ ಆಕ್ಷೇಪಗಳಿವೆ. ಬ್ಯಾಕ್ಟೀರಿಯಾಗಳಿಗೆ ನೋವಿಲ್ಲ. ನಾವು ಒಂದು ಹನಿ ಔಷಧಿ ಹೊಡೆಯದಿದ್ದರೂ ದಿನಾ ಮಧ್ಯಾಹ್ನ ಕೋಟಿಗಟ್ಟಲೆ ಸಾಯುತ್ತವೆ. ಒಂದೊಂದರ ಸಾವಿಗೂ ಮರುಗುವುದು ಹುಚ್ಚುತನ. ನಾನು ಮರುಗುತ್ತಿಲ್ಲ. ಬಿಸಿಲಿಗೆ ಸತ್ತವುಗಳ ಜಾಗಕ್ಕೆ ಪಕ್ಕದ ತಗ್ಗಿನಲ್ಲಿ ಉಳಿದವು ಬರುತ್ತವೆ, ವಾಸ ಮುಂದುವರಿಯುತ್ತದೆ. ಔಷಧಿ ಇಡೀ ವಾಸವನ್ನೇ ಎಬ್ಬಿಸುತ್ತದೆ. ಒಣಗಿದ ಎಲೆ ಉದುರುವುದಕ್ಕೂ ಮರ ಕಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಚೊಕ್ಕಟವಾದ ಎಲೆ ಸುರಕ್ಷಿತ ಎಂದು ನಾವು ತಿಳಿದಿದ್ದೇವೆ. ಆದರೆ ಖಾಲಿ ಎಲೆ ಮೊದಲು ಬಂದವರ ಪಾಲು. ಮಳೆಯ ಮರುದಿನ ಮೊದಲು ಬರುವವರು ಯಾರಿರಬಹುದು ಎಂದು ದಾಳಿಂಬೆಯವರಿಗೆ ಗೊತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಎತ್ತಿದವನು ನನ್ನ ತಮ್ಮ. ಆ ಸಂಕ್ರಾಂತಿಗೆ ಹೋದಾಗ ಇದನ್ನೆಲ್ಲ ಅವನಿಗೆ ಹೇಳಿದೆ, ಸೆನೆಕಾನ ಹೆಸರೊಂದನ್ನು ಬಿಟ್ಟು. ಅವನು ಪೂರ್ತಿ ಕೇಳಿ, "ಅಣ್ಣ, ಎಲಿ ಮ್ಯಾಲಿನ ಹುಳದ ಋಣ ನೀ ಹೇಳ್ತಿ. ಬ್ಯಾಂಕಿನ ಋಣ ಯಾರ ಹೇಳ್ತಾರ?" ಎಂದ.

ನನ್ನ ಹತ್ತಿರ ಉತ್ತರವಿರಲಿಲ್ಲ. ಮೂರು ಎಕರೆಯ ಹೂವು ನಿಂತರೆ ಮಗಳ ಫೀಸು, ಉದುರಿದರೆ ಬಡ್ಡಿ. ತಿಂಗಳ ಸಂಬಳ ಎಣಿಸುವವನು ಬದುವಿನ ಮೇಲೆ ನಿಂತು ಕಣ್ಣಿಗೆ ಕಾಣದ ಜೀವಿಗಳ ಪರ ಮಾತಾಡುವುದು ಸುಲಭ. ಔಷಧಿ ಹೊಡೆಯುವವನು ದುಷ್ಟನೂ ಅಲ್ಲ, ದಡ್ಡನೂ ಅಲ್ಲ, ಹೆದರಿದವನು. ಕೃಷಿ ಇಲಾಖೆಯವರು ಹೇಳಿದರೆಂದು ಅವನು ಸ್ಯೂಡೊಮೊನಾಸ್ ಪುಡಿಯನ್ನೂ ತಂದು ಹೊಡೆದಿದ್ದ. ನಾಲ್ಕು ದಿನಕ್ಕೆ ಮೋಡ ಕಟ್ಟಿತೆಂದು ಅದರ ಮೇಲೆಯೇ ತಾಮ್ರದ ಔಷಧಿ, ಆ್ಯಂಟಿಬಯೋಟಿಕ್ ಎರಡನ್ನೂ ಹೊಡೆದಿದ್ದ. ದುಡ್ಡು ಕೊಟ್ಟು ಕರೆತಂದ ಕಾವಲುಗಾರನನ್ನು ವಾರದೊಳಗೆ ದುಡ್ಡು ಕೊಟ್ಟೇ ಕೊಂದಂತಾಯಿತು. ಹೆದರಿಕೆಗೆ ಕಾಯುವ ತಾಳ್ಮೆ ಇರುವುದಿಲ್ಲ.

ಋಣದ ಮಾತಾಡುವವನು ಮೊದಲು ನಷ್ಟದಲ್ಲಿ ಪಾಲು ತೆಗೆದುಕೊಳ್ಳಬೇಕು ಎಂದು ನನಗೆ ಆ ರಾತ್ರಿ ಅನ್ನಿಸಿತು. ಮರುದಿನ ತಮ್ಮನಿಗೆ ಒಂದು ಮಾತು ಕೊಟ್ಟೆ. ಮುಂದಿನ ಹಸ್ತ ಬಹಾರಿನಲ್ಲಿ ಆ್ಯಂಟಿಬಯೋಟಿಕ್ ಹೊಡೆಯುವುದು ಬೇಡ. ರೋಗ ಬಂದು ಕಾಯಿ ಹೋದರೆ ಆ ವರ್ಷದ ಬಡ್ಡಿ ನಾನು ಕಟ್ಟುತ್ತೇನೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಆತು" ಎಂದ.

ಆ ವರ್ಷ ರೋಗವೇ ಬರಲಿಲ್ಲ ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅವನು ರೋಗದ ಕಡ್ಡಿಗಳನ್ನು ಕತ್ತರಿಸಿ ಸುಟ್ಟ, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿ ತೊಳೆದ, ಹೂ ಶುರುವಾಗುವ ಮೊದಲೇ ಬ್ಯಾಕ್ಟೀರಿಯಾದ ಪುಡಿ ಹೊಡೆದು ಅದರ ಮೇಲೆ ಬೇರೇನೂ ಹೊಡೆಯದೆ ಹಲ್ಲು ಕಚ್ಚಿ ಕುಳಿತ. ಮೂಡಣ ದಿಕ್ಕಿನ ಎರಡು ಸಾಲಿಗೆ ಅಂಗಮಾರಿ ಬಂತು. ಉಳಿದದ್ದು ಉಳಿಯಿತು. ಉಳಿದದ್ದು ಎಲೆಯ ಮೇಲಿನವರಿಂದಲೋ, ಆ ವರ್ಷ ಹಿಂಗಾರು ಕೈಕೊಟ್ಟದ್ದರಿಂದಲೋ, ಕತ್ತರಿ ತೊಳೆದದ್ದರಿಂದಲೋ ಹೇಳಲು ಬರುವುದಿಲ್ಲ. ಬಡ್ಡಿಯಲ್ಲಿ ಅರ್ಧ ನಾನು ಕಟ್ಟಿದೆ. ಅದರ ಮರುವರ್ಷ ಹೂವಿನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿದಾಗ ತಮ್ಮ ಫೋನ್ ಮಾಡಿ, "ಅಣ್ಣ, ಒಂದ್ ಸಲ ಹೊಡಿತೀನಿ," ಎಂದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. 2021ರ ಕೊನೆಗೆ ಕೇಂದ್ರ ಸರ್ಕಾರ ಬೆಳೆಗಳಿಗೆ ಈ ಎರಡು ಔಷಧಿಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ಓದಿದಾಗ ಅವ್ವನ ಶೀಶೆ ನೆನಪಾಯಿತು. ಯಾರದೋ ಅವ್ವನಿಗೆ ಅದು ಇನ್ನೂ ಬೇಕಾಗಬಹುದು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲೆಸಿ, ಹೊಲದ ಸುತ್ತ ಕೂಗುತ್ತ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು. ಚಿಕ್ಕವನಿದ್ದಾಗ ಅವ್ವನನ್ನು, "ಇದು ಯಾರಿಗೆ?" ಎಂದು ಕೇಳಿದ್ದೆ. "ಹೊಲದಾಗ ಇರೋರಿಗೆ," ಎಂದಿದ್ದಳು. ಹೊಲದಲ್ಲಿ ಯಾರೂ ಕಾಣುತ್ತಿರಲಿಲ್ಲ. ಹಕ್ಕಿಗೋ, ಇರುವೆಗೋ, ಭೂತಾಯಿಗೋ ಎಂದು ಆಮೇಲೆ ನಾನೇ ಅರ್ಥ ಹಚ್ಚಿಕೊಂಡೆ. ಅವ್ವ ಯಾರ ಹೆಸರೂ ಹೇಳಿರಲಿಲ್ಲ.

ಹೋದ ಎಳ್ಳ ಅಮಾವಾಸ್ಯೆಗೆ ತಮ್ಮನ ಹೆಂಡತಿ ಚರಗ ಚೆಲ್ಲುತ್ತ ಸಾಲಿನ ನಡುವೆ ಹೋಗುತ್ತಿದ್ದಳು. ಕಾಯಿ ಆಗ ನಿಂಬೆಹಣ್ಣಿಗಿಂತ ತುಸು ದೊಡ್ಡವು. ಕಲೆಸಿದ ಕಡುಬು, ಬಜ್ಜಿಪಲ್ಯದ ಚೂರು ಒಂದೆರಡು ಗಿಡದ ಎಲೆಗೂ ಸಿಡಿಯಿತು. ಹಿಂದೆ ಬರುತ್ತಿದ್ದ ತಮ್ಮ, "ಎಲಿ ಮ್ಯಾಲೆ ಬ್ಯಾಡ, ನೆಲಕ್ಕ ಚೆಲ್ಲು," ಎಂದು ಗದರಿದ. ಅವನ ಮಗಳು ಈಗ ಕೆಲಸಕ್ಕೆ ಸೇರಿದ್ದಾಳೆ, ಹಬ್ಬಕ್ಕೆ ಬಂದಿದ್ದಳು. ಅವಳು ನನ್ನ ಮುಖ ನೋಡಿ ನಕ್ಕಳು. ತಮ್ಮ ಬಗ್ಗಿ ಎಲೆಗೆ ಅಂಟಿದ ಚೂರುಗಳನ್ನು ಬೆರಳಿನಿಂದ ಮೆಲ್ಲಗೆ ಬುಡಕ್ಕೆ ಕೆಡವಿ, ಎಲೆಯನ್ನು ಒಂದು ಸಲ ಹಿಂದೆಮುಂದೆ ತಿರುಗಿಸಿ ನೋಡಿದ. ಚುಕ್ಕೆ ಇರಲಿಲ್ಲ. ಊಟಕ್ಕೆ ಹೊತ್ತಾಯಿತೆಂದು ಎಲ್ಲರೂ ಬೇವಿನ ಮರದ ಕಡೆಗೆ ನಡೆದೆವು.